ಕನ್ನಡಿಯ ಲಿಂಕನ್, ಪಟದ ಲಿಂಕನ್

ನಮ್ಮ ತಂದೆಯವರು ತೀರಿಕೊಂಡ ಮೇಲೆ ಅವರ ಭಾವಚಿತ್ರವೊಂದನ್ನು ದೊಡ್ಡದು ಮಾಡಿಸಿ ನಡುಮನೆಯ ಗೋಡೆಗೆ ಹಾಕಬೇಕೆಂದು ಮಕ್ಕಳಾದ ನಾವು ನಿಶ್ಚಯಿಸಿದೆವು. ಅವರು ಜೀವಮಾನದಲ್ಲಿ ಕ್ಯಾಮೆರಾದ ಎದುರು ಕುಳಿತದ್ದು ಬೆರಳೆಣಿಕೆಯಷ್ಟು ಸಲ. ಅವುಗಳಲ್ಲಿ ಚೆನ್ನಾಗಿ ಬಂದಿದ್ದ ಒಂದರ ನೆಗೆಟಿವ್ ಹೇಗೋ ಪೆಟ್ಟಿಗೆಯ ತಳದಲ್ಲಿ ಉಳಿದುಕೊಂಡಿತ್ತು. ಅದನ್ನು ಪೇಟೆಯ ಸ್ಟುಡಿಯೊ ಒಂದಕ್ಕೆ ಕೊಟ್ಟೆವು. ವರ್ಷಾಬ್ದಿಕದ ಹಿಂದಿನ ದಿನ, ಕಟ್ಟು ಹಾಕಿಸಿದ ಪಟ ಮನೆಗೆ ಬಂತು. ನಮಗೆಲ್ಲ ಸಂತೋಷವಾಯಿತು. ಆದರೆ ನಮ್ಮ ತಾಯಿ ಪಟದ ಮುಂದೆ ಬಹಳ ಹೊತ್ತು ನಿಂತಿದ್ದು, ಇದು ಅವರ ಮುಖವಲ್ಲ ಎಂದುಬಿಟ್ಟರು.

ಏನು ತಪ್ಪಿದೆಯೆಂದು ಕೇಳಿದರೆ ಅವರಿಗೂ ಹೇಳಲು ತಿಳಿಯದು. ಹಣೆ ಅದೇ, ಮೂಗು ಅದೇ, ಕನ್ನಡಕವೂ ಅದೇ. ದುಃಖದಲ್ಲಿರುವವರ ಮಾತೆಂದು ನಾವು ಸುಮ್ಮನಾದೆವು. ನಾಲ್ಕೈದು ದಿನಗಳ ಮೇಲೆ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು: ಅಂಗಿಯ ಜೇಬೂ ಅದರಲ್ಲಿ ಸಿಕ್ಕಿಸಿದ್ದ ಪೆನ್ನೂ ಬಲಗಡೆಗೆ ಬಂದಿದ್ದವು. ನೆಗೆಟಿವನ್ನು ಮಗುಚಿ ಹಾಕಿ ಅಚ್ಚು ತೆಗೆದಿದ್ದರು. ಪಟವನ್ನು ಗೋಡೆಯಿಂದ ಇಳಿಸಿ ಬೀರುವಿನ ಕನ್ನಡಿಗೆ ಎದುರಾಗಿ ಹಿಡಿದೆ. ಕನ್ನಡಿಯೊಳಗೆ ನಮ್ಮ ತಂದೆ ಇದ್ದರು. ತಾಯಿಯನ್ನು ಕರೆದು ತೋರಿಸಿದೆ. ಅವರು ಏನೂ ಹೇಳದೆ ಸೆರಗಿನಿಂದ ಕಣ್ಣೊರಸಿಕೊಂಡರು.

ಆ ರಾತ್ರಿ ನನಗೆ ಬೇರೊಂದು ಯೋಚನೆ ಹತ್ತಿತು. ತಂದೆಯವರೇ ಬದುಕಿದ್ದು ಆ ತಪ್ಪು ಪಟವನ್ನು ನೋಡಿದ್ದರೆ, ಇದು ನಾನೇ ಸರಿ ಎಂದು ಬಹುಶಃ ಒಪ್ಪಿಕೊಳ್ಳುತ್ತಿದ್ದರು. ದಿನವೂ ಬೆಳಗ್ಗೆ ಕ್ಷೌರಕ್ಕೆ ಕುಳಿತಾಗ ಕೈಗನ್ನಡಿಯಲ್ಲಿ ಅವರು ನೋಡುತ್ತಿದ್ದದ್ದು ಆ ಮಗುಚಿದ ಮುಖವನ್ನೇ ಅಲ್ಲವೆ? ನಲವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಇಬ್ಬರಲ್ಲಿ, ಹೆಂಡತಿ ಕಂಡ ಮುಖವನ್ನು ಗಂಡ ಕಂಡಿರಲಿಲ್ಲ. ಗಂಡ ಕಂಡದ್ದನ್ನು ಹೆಂಡತಿ ಕಂಡಿರಲಿಲ್ಲ.

ಪಟದಲ್ಲಿ ತನ್ನ ಮುಖ ಸರಿಯಾಗಿ ಬಂದಿಲ್ಲವೆಂದು ಗೊಣಗದ ಮನುಷ್ಯನನ್ನು ನಾನು ಕಂಡಿಲ್ಲ. ಸಾಮಾನ್ಯವಾಗಿ ನಾವು ಅದನ್ನು ಅಹಂಕಾರದ ಲೆಕ್ಕಕ್ಕೆ ಬರೆದು ನಗುತ್ತೇವೆ. ಅದು ಪೂರ್ತಿ ನ್ಯಾಯವಲ್ಲ. ಯಾರ ಮುಖದ ಎಡಬಲಗಳೂ ಒಂದೇ ಸಮನಾಗಿರುವುದಿಲ್ಲ. ಒಂದು ಹುಬ್ಬು ಕೊಂಚ ಮೇಲೆ, ತುಟಿಯ ಒಂದು ಕೊನೆ ಕೊಂಚ ಕೆಳಗೆ. ಕನ್ನಡಿಯು ನಮ್ಮ ಬಲಗೆನ್ನೆಯನ್ನು ನಮ್ಮ ಬಲಗಡೆಯೇ ತೋರಿಸುತ್ತದೆ. ಎದುರು ನಿಂತವನಿಗಾದರೋ ಅದು ಅವನ ಎಡಗಡೆ. ಛಾಯಾಚಿತ್ರ ಎದುರು ನಿಂತವನ ಪಕ್ಷ. ೧೯೭೭ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿನಿಯರ ಭಾವಚಿತ್ರಗಳನ್ನು ನೇರವಾಗಿಯೂ ಮಗುಚಿಯೂ ಅಚ್ಚು ಹಾಕಿ ತೋರಿಸಿದರು. ಹೆಚ್ಚಿನ ಹುಡುಗಿಯರು ತಮ್ಮ ಮಗುಚಿದ ಮುಖವನ್ನೇ ಮೆಚ್ಚಿದರು; ಅವರ ಗೆಳತಿಯರು ನೇರ ಮುಖವನ್ನು ಮೆಚ್ಚಿದರು. ಎಂದರೆ, ಅವರವರ ಕಣ್ಣಿಗೆ ರೂಢಿಯಾದದ್ದು ಅವರವರಿಗೆ ಚೆಂದ.

ಈ ವಿಷಯವನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದುತ್ತ ಹೋದಂತೆ, ಮತ್ತೆ ಮತ್ತೆ ನನಗೆ ಎದುರಾದ ಮುಖ ಅಬ್ರಹಾಂ ಲಿಂಕನ್ನನದು. ಅವನಿಗೆ ಮೂವತ್ತು ವರ್ಷವಾದಾಗ, ೧೮೩೯ರಲ್ಲಿ, ಛಾಯಾಚಿತ್ರ ತೆಗೆಯುವ ವಿದ್ಯೆ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು. ಅಲ್ಲಿಂದ ಅವನೂ ಆ ವಿದ್ಯೆಯೂ ಜೊತೆಯಾಗಿ ಬೆಳೆದರೆನ್ನಬೇಕು. ಅವನ ಸುಮಾರು ೧೩೦ ಛಾಯಾಚಿತ್ರಗಳು ಇಂದು ನಮಗೆ ಗೊತ್ತಿವೆ. ಆದರೂ ಅವನನ್ನು ಕಣ್ಣಾರೆ ಕಂಡವರು ಒಂದೇ ಸಮನೆ ಹೇಳಿಕೊಂಡು ಬಂದ ಮಾತು, ಇವುಗಳಲ್ಲಿ ಯಾವುದೂ ಅವನಲ್ಲ ಎಂಬುದು. ನಮ್ಮ ತಾಯಿಯ ಮಾತೇ ಅದು.

ದಿಮ್ಮಿಯ ಗುಡಿಸಲಿನಿಂದ ಶ್ವೇತಭವನಕ್ಕೆ ನಡೆದ ಹುಡುಗನ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ೧೮೦೯ರ ಫೆಬ್ರುವರಿ ೧೨ರಂದು ಕೆಂಟಕಿಯಲ್ಲಿ ಹುಟ್ಟಿದ. ಏಳನೆಯ ವಯಸ್ಸಿನಲ್ಲಿ ಮನೆಯವರೊಡನೆ ಇಂಡಿಯಾನಾದ ಕಾಡಿಗೆ ಹೋದ. ೧೮೧೮ರಲ್ಲಿ ತಾಯಿಯನ್ನು ಕಳೆದುಕೊಂಡ. ನಮ್ಮ ವಿಷಯಕ್ಕೆ ಸಂಬಂಧಿಸಿದ್ದು ಅದಾದ ಸ್ವಲ್ಪ ಕಾಲದಲ್ಲೇ ನಡೆದ ಒಂದು ಘಟನೆ. ಹತ್ತನೆಯ ವರ್ಷದಲ್ಲಿ, ಗಿರಣಿಯ ಹತ್ತಿರ, ಒಂದು ಕುದುರೆ ಅವನ ತಲೆಗೆ ಒದೆಯಿತು. ಸ್ವಲ್ಪ ಹೊತ್ತು ಅವನು ಸತ್ತೇಹೋದನೆಂದು ತಿಳಿದಿದ್ದರು. ಮುಂದೆ ತನ್ನ ಚರಿತ್ರೆಯನ್ನು ನಾಲ್ಕು ಹಾಳೆಗಳಲ್ಲಿ ಬರೆದುಕೊಡಬೇಕಾಗಿ ಬಂದಾಗ, ಎಷ್ಟೋ ದೊಡ್ಡ ಸಂಗತಿಗಳನ್ನು ಬಿಟ್ಟ ಲಿಂಕನ್ ಈ ಒದೆತವನ್ನು ಬಿಡದೆ ಕಾಣಿಸಿದ್ದಾನೆ.

ಅವನ ಮುಖದ ಎಡಭಾಗ ಬಲಭಾಗಕ್ಕಿಂತ ಚಿಕ್ಕದಾಗಿತ್ತು. ಎಡಹುಬ್ಬಿನ ಕೆಳಗಿನ ಎಲುಬು ತೆಳುವಾಗಿ ಕೊಂಚ ಹಿಂದಕ್ಕೆ ಸರಿದಿತ್ತು. ಎಡಗಣ್ಣಿನ ಪಾಪೆ ಆಗಾಗ ತನ್ನಷ್ಟಕ್ಕೆ ಮೇಲಕ್ಕೆ ಸರಿಯುತ್ತಿತ್ತು. ೨೦೦೭ರಲ್ಲಿ ಇಬ್ಬರು ತಜ್ಞರು ಲಿಂಕನ್ನನ ಮುಖದಿಂದಲೇ ತೆಗೆದ ಅಚ್ಚುಗಳನ್ನು ಲೇಸರ್ ಕಿರಣಗಳಿಂದ ಅಳೆದು ಈ ವ್ಯತ್ಯಾಸವನ್ನು ಖಚಿತಪಡಿಸಿದರು. ಅದು ಹುಟ್ಟಿನಿಂದ ಬಂದದ್ದೋ, ಆ ಕುದುರೆಯ ಒದೆತದ ಫಲವೋ ಎಂಬ ಬಗ್ಗೆ ವೈದ್ಯರಲ್ಲಿ ಚರ್ಚೆಯುಂಟು. ಬಲಗೆನ್ನೆಯ ಮೇಲೆ, ಬಾಯಿಯ ಪಕ್ಕದಲ್ಲಿ, ಎದ್ದು ಕಾಣುವ ಒಂದು ಮಚ್ಚೆ ಇತ್ತು. ವಾಚಕರು ಈ ಮಚ್ಚೆಯನ್ನು ನೆನಪಿನಲ್ಲಿಡಬೇಕು.

ಇಂಥ ಮುಖವನ್ನು ಕನ್ನಡಿಯಲ್ಲಿ ಮಗುಚಿ ನೋಡಿದರೆ ಆಗುವ ವ್ಯತ್ಯಾಸ ನಿಮ್ಮ ನಮ್ಮ ಮುಖಗಳದಷ್ಟು ಅಲ್ಪವಲ್ಲ. ಲಿಂಕನ್ ಬಲ್ಲ ಲಿಂಕನ್ ಬೇರೆ, ಊರು ಬಲ್ಲ ಲಿಂಕನ್ ಬೇರೆ ಎನ್ನುವಷ್ಟು ಅದು ದೊಡ್ಡದು.

೧೮೩೦ರಲ್ಲಿ ಅವರ ಕುಟುಂಬ ಇಲಿನಾಯ್‌ಗೆ ಬಂತು. ಅಂಗಡಿ, ಅಂಚೆ, ಭೂಮಾಪನ ಎಂದು ಹಲವು ಕೆಲಸಗಳನ್ನು ಮಾಡಿ, ಸ್ವಂತ ಓದಿನಿಂದ ವಕೀಲನಾಗಿ, ೧೮೩೭ರಲ್ಲಿ ಲಿಂಕನ್ ಸ್ಪ್ರಿಂಗ್‌ಫೀಲ್ಡಿಗೆ ಬಂದು ನೆಲೆಸಿದ. ೧೮೪೨ರಲ್ಲಿ ಮೇರಿ ಟಾಡ್‌ಳನ್ನು ಮದುವೆಯಾದ. ಅವನ ಮೊದಲ ಛಾಯಾಚಿತ್ರವೆಂದು ಪ್ರಸಿದ್ಧವಾಗಿರುವುದು ಅದೇ ಊರಿನಲ್ಲಿ ೧೮೪೬ರಲ್ಲೋ ಅದರ ಮರುವರ್ಷವೋ ತೆಗೆದದ್ದು. ಆಗ ತಾನೇ ಅವನು ಕಾಂಗ್ರೆಸ್ಸಿಗೆ ಆಯ್ಕೆಯಾಗಿದ್ದ. ಚಿತ್ರದಲ್ಲಿರುವವನು ತಲೆ ನೀಟಾಗಿ ಬಾಚಿಕೊಂಡು, ಒಳ್ಳೆಯ ಉಡುಪು ತೊಟ್ಟು, ದೊಡ್ಡ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಕುಳಿತ ನಡುವಯಸ್ಸಿನ ವಕೀಲ.

ಇದು ಕಾಗದದ ಮೇಲಿನ ಪಟವಲ್ಲ. ಡಗೆರೋಟೈಪ್ ಎಂಬ ಆ ಮೊದಲ ವಿಧಾನದಲ್ಲಿ, ಬೆಳ್ಳಿಯ ಲೇಪವಿದ್ದ ತಾಮ್ರದ ತಗಡನ್ನು ಫಳಫಳನೆ ಹೊಳೆಯುವಂತೆ ಉಜ್ಜಿ, ಅದರ ಮೇಲೆಯೇ ಬೆಳಕಿನ ಅಚ್ಚನ್ನು ಹಿಡಿಯುತ್ತಿದ್ದರು. ತಗಡನ್ನು ಒಂದು ಕಡೆ ಓರೆಮಾಡಿದರೆ ಚಿತ್ರ ಕಾಣುತ್ತದೆ. ಇನ್ನೊಂದು ಕಡೆಗೆ ಓರೆಮಾಡಿದರೆ ಚಿತ್ರ ಮಾಯವಾಗಿ, ನೋಡುವವನ ಮುಖವೇ ಕಾಣುತ್ತದೆ. ಕನ್ನಡಿಯೂ ಪಟವೂ ಇನ್ನೂ ಬೇರೆಬೇರೆಯಾಗಿರದ ಕಾಲ ಅದು. ಮತ್ತೂ ವಿಶೇಷವೆಂದರೆ, ಮಸೂರದ ಮುಂದೆ ಬೇರೊಂದು ಕನ್ನಡಿಯನ್ನೋ ಪಟ್ಟಕವನ್ನೋ ಇಟ್ಟು ಸರಿಪಡಿಸದ ಹೊರತು, ಆ ತಗಡಿನ ಚಿತ್ರ ಕನ್ನಡಿಯ ಹಾಗೆ ಮಗುಚಿಯೇ ಬರುತ್ತಿತ್ತು. ಅಂಥ ಚಿತ್ರಗಳನ್ನು ಕೊಂಡ ಜನ ಮೊದಮೊದಲು ಇದು ನಾನೇ ಎಂದು ಬೆರಗಾದದ್ದರಲ್ಲಿ ಆಶ್ಚರ್ಯವಿಲ್ಲ. ಸಂಶಯಪಟ್ಟವರು ಇದ್ದಿದ್ದರೆ ಅವರು ಮನೆಯವರೇ ಆಗಿರಬೇಕು. ಲಿಂಕನ್ನನ ಆ ತಗಡು ಬಹುಕಾಲ ಮನೆಯವರ ವಶದಲ್ಲೇ ಇದ್ದು, ಪತ್ರಿಕೆಯೊಂದರಲ್ಲಿ ಅಚ್ಚಾದದ್ದು ೧೮೯೫ರಲ್ಲಿ, ಅವನು ತೀರಿ ಮೂವತ್ತು ವರ್ಷಗಳ ಮೇಲೆ. ಅಧ್ಯಕ್ಷನ ಗಡ್ಡದ ಮುಖಕ್ಕೆ ಒಗ್ಗಿಹೋಗಿದ್ದ ದೇಶಕ್ಕೆ ಅದು ಅಪರಿಚಿತನ ಮುಖ.

ತನ್ನ ರೂಪದ ವಿಷಯದಲ್ಲಿ ಲಿಂಕನ್ನನಿಗೆ ಭ್ರಾಂತಿ ಇರಲಿಲ್ಲ. ರೈಲಿನಲ್ಲಿ ಅಪರಿಚಿತನೊಬ್ಬ ತನ್ನ ಕೈಗೆ ಒಂದು ಚಾಕುವನ್ನು ಕೊಟ್ಟು, ತನಗಿಂತ ಕುರೂಪಿಯಾದವನು ಸಿಕ್ಕಿದರೆ ಅವನಿಗೆ ಒಪ್ಪಿಸಬೇಕೆಂಬ ಕರಾರಿನ ಮೇಲೆ ಇದನ್ನು ಇಷ್ಟು ದಿನ ಇಟ್ಟುಕೊಂಡಿದ್ದೆ, ಈಗ ಇದು ನಿಮ್ಮ ಸೊತ್ತು ಎಂದನಂತೆ. ಈ ಕಥೆಯನ್ನು ಹೇಳಿ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ಲಿಂಕನ್ನನೇ.

೧೮೫೭ರ ಫೆಬ್ರುವರಿಯಲ್ಲಿ ಷಿಕಾಗೋ ನಗರದಲ್ಲಿ ಅಲೆಗ್ಸಾಂಡರ್ ಹೆಸ್ಲರ್ ಅವನ ಚಿತ್ರವೊಂದನ್ನು ತೆಗೆದ. ಕೂದಲು ಬಿರುಗಾಳಿಗೆ ಸಿಕ್ಕ ಹುಲ್ಲಿನ ಮೆದೆಯಂತಿದೆ. ಬಾಚಿದ್ದ ತಲೆಯನ್ನು ಲಿಂಕನ್ ತಾನೇ ಕೈಯಾಡಿಸಿ ಕೆದರಿಕೊಂಡನೆಂದು ಹೇಳುತ್ತಾರೆ. ಈ ಪಟ ನಿಜಕ್ಕೆ ಬಹಳ ಹತ್ತಿರವಾಗಿದೆಯೆಂದು ಅವನ ಅಭಿಪ್ರಾಯ. ಹೆಂಡತಿಗೂ ಇನ್ನೂ ಅನೇಕರಿಗೂ ಅದು ಸೇರಲಿಲ್ಲ. ಬಹುಶಃ ಅವರ ಆಕ್ಷೇಪವೆಲ್ಲ ಕೆದರಿದ ಕೂದಲಿನ ಮೇಲೆಯೇ ಇದ್ದೀತು ಎಂದು ಅವನು ಕಾಗದವೊಂದರಲ್ಲಿ ಬರೆದಿದ್ದಾನೆ. ೧೯೭೭ರ ಮನಶ್ಶಾಸ್ತ್ರಜ್ಞರ ಲೆಕ್ಕ ಇಲ್ಲಿ ತಲೆಕೆಳಗಾಗಿದೆ. ಊರು ಕಾಣುವ ನೇರಮುಖವನ್ನು ಮೆಚ್ಚಿದವನು ಅದರ ಒಡೆಯ. ಒಪ್ಪದಿದ್ದವಳು ಅದನ್ನು ದಿನವೂ ನೋಡುವವಳು. ಸಂಸಾರದಲ್ಲಿ ಇದು ಅಪರೂಪವಲ್ಲ. ಗಂಡನ ಮುಖದಲ್ಲಿ ಹೆಂಡತಿ ನೋಡುವುದು ಇರುವ ಮುಖದ ಜೊತೆಗೆ ಇರಬೇಕಾದ ಮುಖವನ್ನೂ.

ಮೇರಿಯ ಅಸಮಾಧಾನಕ್ಕೆ ಇನ್ನೊಂದು ಆಧಾರವೂ ಇದ್ದಿರಬಹುದು. ಆ ಕಾಲದ ಗಾಜಿನ ಫಲಕಗಳ ಮೇಲೆ ಬಳಿಯುತ್ತಿದ್ದ ಕೊಲೋಡಿಯನ್ ಎಂಬ ಲೇಪಕ್ಕೆ ನೀಲಿಯ ಬೆಳಕು ಚೆನ್ನಾಗಿ ತಿಳಿಯುತ್ತಿತ್ತು. ಕೆಂಪು ಹಳದಿಗಳು ತಿಳಿಯುತ್ತಲೇ ಇರಲಿಲ್ಲವೆನ್ನಬೇಕು. ಆದುದರಿಂದ ಬಿಸಿಲಿಗೆ ಕಂದಿದ ಚರ್ಮ ಇರುವುದಕ್ಕಿಂತ ಕಪ್ಪಾಗಿ, ಒರಟಾಗಿ ಬರುತ್ತಿತ್ತು. ಮಚ್ಚೆ ಕಲೆಗಳು ಎದ್ದು ನಿಲ್ಲುತ್ತಿದ್ದವು. ಬೂದುಬಣ್ಣದ ಕಣ್ಣು ನಿಸ್ತೇಜವಾಗಿ ಬಿಳುಚಿಕೊಳ್ಳುತ್ತಿತ್ತು. ಲಿಂಕನ್ನನದು ಹೊಲದಲ್ಲಿ ಬೆಂದ ಚರ್ಮ, ಬೂದುಗಣ್ಣು. ಅವನ ಪಟಗಳಲ್ಲಿ ನಾವು ಕಾಣುವ ತೊಗಲಿನಂಥ ಮುಖದಲ್ಲಿ ಒಂದು ಪಾಲು ಅವನದು. ಇನ್ನೊಂದು ಪಾಲು ಆ ಲೇಪದ್ದು. ಬಣ್ಣವನ್ನು ಕನ್ನಡಿ ಇದ್ದಂತೆ ತೋರಿಸುತ್ತಿತ್ತು. ಪಟ ಬಣ್ಣವನ್ನು ಬಿಟ್ಟುಬಿಟ್ಟಿತು ಎಂದರೆ ಸಾಲದು. ಬೇರೆ ತಕ್ಕಡಿಯಲ್ಲಿ ತೂಗಿತು.

೧೮೬೦ನೆಯ ವರ್ಷ ಅವನ ಬಾಳಿನಲ್ಲಿ ಮುಖದ ವರ್ಷ. ಫೆಬ್ರುವರಿ ೨೭ರಂದು ನ್ಯೂಯಾರ್ಕಿನ ಕೂಪರ್ ಯೂನಿಯನ್ನಿನಲ್ಲಿ ಗುಲಾಮಗಿರಿಯ ವಿಸ್ತರಣೆಯನ್ನು ಖಂಡಿಸಿ ಅವನು ಪ್ರಸಿದ್ಧವಾದ ಭಾಷಣ ಮಾಡಿದ. ಅದೇ ದಿನ ಮ್ಯಾಥ್ಯೂ ಬ್ರೇಡಿಯ ಚಿತ್ರಶಾಲೆಗೆ ಹೋಗಿ ನಿಂತ. ಆರು ಅಡಿ ನಾಲ್ಕು ಅಂಗುಲದ ಆಳು, ಕೊಕ್ಕರೆಯ ಕತ್ತು. ಬ್ರೇಡಿ ಅವನ ಅಂಗಿಯ ಕೊರಳಪಟ್ಟಿಯನ್ನು ಮೇಲಕ್ಕೆ ಎಳೆಯಿಸಿ ಕತ್ತು ಗಿಡ್ಡವಾಗಿ ಕಾಣುವಂತೆ ಮಾಡಿದ. ಪಶ್ಚಿಮದ ಕಾಡಿನಿಂದ ಬಂದ ಕರಡಿಯಂಥವನು ಎಂದು ವಿರೋಧಿಗಳು ಹಬ್ಬಿಸಿದ್ದ ಮಾತಿಗೆ ಈ ಗಂಭೀರವಾದ ಪಟ ಉತ್ತರವಾಯಿತು; ಕೈಯಗಲದ ಕಾಗದಗಳಲ್ಲಿ, ಪತ್ರಿಕೆಗಳ ಕೊರೆಚಿತ್ರಗಳಲ್ಲಿ ದೇಶವೆಲ್ಲ ಹರಡಿತು. ತಾನು ಅಧ್ಯಕ್ಷನಾದದ್ದು ಆ ಭಾಷಣದಿಂದ ಮತ್ತು ಬ್ರೇಡಿಯ ಆ ಪಟದಿಂದ ಎಂದು ಲಿಂಕನ್ ಹೇಳಿದನೆಂಬುದು ಬ್ರೇಡಿ ಕಡೆಯವರೆಗೂ ನೆನೆದು ಹಿಗ್ಗುತ್ತಿದ್ದ ಸಂಗತಿ. ವ್ಯಾಪಾರಿಯ ಹಿಗ್ಗನ್ನು ಸ್ವಲ್ಪ ಕಳೆದರೂ ಅದರಲ್ಲಿ ಸತ್ಯ ಉಳಿಯುತ್ತದೆ. ತನ್ನನ್ನು ಎಂದೂ ಕಾಣದ ಲಕ್ಷಾಂತರ ಜನರ ಮತವನ್ನು ಮುಖ ತೋರಿಸಿ ಕೇಳಬೇಕಾದ ಯುಗ ಆಗ ತಾನೇ ಆರಂಭವಾಗಿತ್ತು.

ಇಲ್ಲಿ ದೂರದ ವಿಷಯವಾಗಿಯೂ ಒಂದು ಮಾತು ಹೇಳಬೇಕು. ಬಚ್ಚಲಿನ ಆವಿ ಹಿಡಿದ ಕನ್ನಡಿಯ ಮೇಲೆ ನಿಮ್ಮ ಮುಖದ ಅಂಚನ್ನು ಬೆರಳಿನಿಂದ ಬರೆದು ಅಳೆದು ನೋಡಿ. ಅದು ನಿಮ್ಮ ಮುಖದ ಸರಿಯಾಗಿ ಅರ್ಧದಷ್ಟಿರುತ್ತದೆ. ಕನ್ನಡಿಯಿಂದ ನೀವು ಎಷ್ಟು ಈಚೆಗಿದ್ದೀರೋ ನಿಮ್ಮ ಪ್ರತಿಬಿಂಬ ಅಷ್ಟೇ ಆಚೆಗಿರುವುದರಿಂದ, ಒಂದು ಮೊಳದಿಂದ ನೋಡುವವನು ನಿಜವಾಗಿ ಎರಡು ಮೊಳದ ಆಚೆಯ ಮುಖವನ್ನು ನೋಡುತ್ತಾನೆ. ಕ್ಯಾಮೆರಾಕ್ಕೆ ಈ ಕಟ್ಟುಪಾಡಿಲ್ಲ. ತೀರ ಹತ್ತಿರದಿಂದ ತೆಗೆದರೆ ಮೂಗು ಮುಂದಕ್ಕೆ ಉಬ್ಬಿ ಕಿವಿಗಳು ಹಿಂದಕ್ಕೆ ಸರಿಯುತ್ತವೆ. ಇಂದು ತೋಳು ಚಾಚಿ ಮೊಬೈಲಿನಲ್ಲಿ ತೆಗೆದುಕೊಳ್ಳುವವರೆಲ್ಲ ಇದನ್ನು ಬಲ್ಲರು. ದೂರದಿಂದ ತೆಗೆದರೆ ಮುಖ ಚಪ್ಪಟೆಯಾಗಿ ಅಗಲವಾಗುತ್ತದೆ. ಮುಖ ಒಂದೇ, ನಿಂತ ದೂರ ಬೇರೆ.

ದೂರವೇ ಇಲ್ಲದ ಪಟವೊಂದನ್ನೂ ಅದೇ ವಸಂತದಲ್ಲಿ ಲಿಂಕನ್ ಕೊಟ್ಟ. ಷಿಕಾಗೋದ ಶಿಲ್ಪಿ ಲೆನರ್ಡ್ ವೋಕ್ ಅವನ ಮುಖಕ್ಕೆ ಹಸಿ ಗಾರೆಯನ್ನು ಮೆತ್ತಿ, ಗಟ್ಟಿಯಾಗುವ ತನಕ ಸುಮಾರು ಒಂದು ಗಂಟೆ ಕೂರಿಸಿ, ಅಚ್ಚು ತೆಗೆದ. ಅದು ಸುಲಭವಾಗಿ ಬಿಟ್ಟುಕೊಳ್ಳದಿರಲು ಲಿಂಕನ್ ತಲೆ ಬಗ್ಗಿಸಿ ತಾನೇ ಎರಡು ಕೈಗಳಿಂದ ಎಳೆದು ಬಿಡಿಸಿಕೊಂಡ. ಕಪಾಲದ ಕೂದಲು ಕಿತ್ತು ಬಂದು ಅವನ ಕಣ್ಣಲ್ಲಿ ನೀರಾಡಿತು. ನಾನು ಮೇಲೆ ಹೇಳಿದ ೨೦೦೭ರ ಅಳತೆಗೆ ಒದಗಿದ ಅಚ್ಚುಗಳಲ್ಲಿ ಇದೂ ಒಂದು. ಕನ್ನಡಿಯ ಪಕ್ಷವೂ ಅಲ್ಲ, ಪಟದ ಪಕ್ಷವೂ ಅಲ್ಲ. ಮುಟ್ಟಿ ತಿಳಿದ ಸಾಕ್ಷಿ.

ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಸಂಸ್ಥಾನದ ವೆಸ್ಟ್‌ಫೀಲ್ಡಿನಿಂದ ಗ್ರೇಸ್ ಬೆಡೆಲ್ ಎಂಬ ಹನ್ನೊಂದು ವರ್ಷದ ಹುಡುಗಿ ಅವನಿಗೆ ಕಾಗದ ಬರೆದಳು. ತಂದೆ ತಂದ ಚಿತ್ರದಲ್ಲಿ ಅವಳು ಅವನನ್ನು ನೋಡಿದ್ದಳು. ಮುಖ ಬಹಳ ಬಡಕಲು, ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತದೆ, ಹೆಂಗಸರಿಗೆ ಗಡ್ಡ ಇಷ್ಟ, ಅವರು ತಮ್ಮ ಗಂಡಂದಿರಿಗೆ ಹೇಳಿ ಮತ ಹಾಕಿಸುತ್ತಾರೆ ಎಂದು ಅವಳ ಹಿತೋಪದೇಶ. ಈಗ ಗಡ್ಡ ಬಿಟ್ಟರೆ ಜನ ನಗುವುದಿಲ್ಲವೆ ಎಂದು ಅವನು ಮರುತ್ತರ ಬರೆದ. ಬರೆದು, ಗಡ್ಡವನ್ನೂ ಬಿಟ್ಟ. ಅಧಿಕಾರ ವಹಿಸಿಕೊಳ್ಳಲು ರಾಜಧಾನಿಗೆ ಹೋಗುವಾಗ ೧೮೬೧ರ ಫೆಬ್ರುವರಿಯಲ್ಲಿ ವೆಸ್ಟ್‌ಫೀಲ್ಡಿನಲ್ಲಿ ರೈಲು ನಿಂತಿತು. ಅವಳನ್ನು ಕರೆಸಿ ತನ್ನ ಹೊಸ ಮುಖವನ್ನು ತೋರಿಸಿದ. ಕನ್ನಡಿ ಐವತ್ತೊಂದು ವರ್ಷ ಹೇಳದಿದ್ದ ಮಾತನ್ನು ಒಂದು ಅಗ್ಗದ ಅಚ್ಚುಪಟ ಮಗುವಿನ ಬಾಯಿಂದ ಹೇಳಿಸಿತು.

ಈ ಎರಡು ಘಟನೆಗಳ ನಡುವೆ ಕನ್ನಡಿಯ ಕಥೆಯೊಂದಿದೆ. ನವೆಂಬರಿನಲ್ಲಿ ಚುನಾವಣೆಯ ಫಲ ತಿಳಿದ ಮೇಲೆ, ದಣಿದು ಮನೆಗೆ ಬಂದ ಲಿಂಕನ್ ಕೋಣೆಯ ಒರಗುಮಂಚದ ಮೇಲೆ ಅಡ್ಡಾದ. ಎದುರಿಗೆ ತೂಗುಗನ್ನಡಿ ಇದ್ದ ಬೀರು. ಅದರಲ್ಲಿ ಅವನ ದೇಹ ಪೂರ್ತಿಯಾಗಿ ಕಾಣುತ್ತಿತ್ತು. ಮುಖಗಳು ಮಾತ್ರ ಎರಡು. ಒಂದರ ಮೂಗಿನ ತುದಿಯಿಂದ ಇನ್ನೊಂದರದಕ್ಕೆ ಮೂರಂಗುಲದ ಅಂತರ. ಎದ್ದಾಗ ಮಾಯವಾಯಿತು, ಮತ್ತೆ ಮಲಗಿದಾಗ ಮತ್ತೆ ಕಂಡಿತು. ಎರಡರಲ್ಲಿ ಒಂದು ಮುಖ ಇನ್ನೊಂದಕ್ಕಿಂತ ಬಹಳ ಬಿಳುಚಿಕೊಂಡಿತ್ತು. ಅವನು ಮೇರಿಗೆ ಹೇಳಿದ. ಅವಳು ಅದನ್ನು ಶಕುನವೆಂದು ತಿಳಿದಳು: ಎರಡನೆಯ ಸಲವೂ ಅವನು ಆಯ್ಕೆಯಾಗುತ್ತಾನೆ, ಆದರೆ ಆ ಅವಧಿಯನ್ನು ಮುಗಿಸುವುದಿಲ್ಲ.

ಹೊಸ ಕಾಲದ ವೈದ್ಯರಲ್ಲಿ ಕೆಲವರು ಇದಕ್ಕೆ ಅವನ ಎಡಗಣ್ಣಿನತ್ತ ಬೆರಳು ಮಾಡುತ್ತಾರೆ; ದಣಿದಾಗ ಆ ಕಣ್ಣು ಜೊತೆ ತಪ್ಪಿ, ಒಂದು ವಸ್ತು ಎರಡಾಗಿ ಕಂಡಿರಬೇಕು ಎಂದು. ಗಾಜಿನ ಹಿಂಬದಿಯ ಲೇಪ ಒಂದು ಬಿಂಬವನ್ನೂ, ಗಾಜಿನ ಮುಂಬದಿ ಮಸುಕಾದ ಇನ್ನೊಂದು ಬಿಂಬವನ್ನೂ ಕೊಡುವುದುಂಟು. ಆದರೆ ಅವುಗಳ ಅಂತರ ಗಾಜಿನ ದಪ್ಪದ ಲೆಕ್ಕದ್ದು. ಮೂರಂಗುಲಕ್ಕೆ ಅದು ಸಾಲದು. ನನಗೆ ಕಣ್ಣಿನ ವಾದವೇ ಹೆಚ್ಚು ಸರಿಯಾಗಿ ತೋರುತ್ತದೆ. ಕನ್ನಡಿ ಸುಳ್ಳು ಹೇಳುವುದಿಲ್ಲವೆಂಬ ನಮ್ಮ ನಂಬಿಕೆಯಲ್ಲಿ ನಾವು ಮರೆಯುವುದು, ಅದನ್ನು ನೋಡುವುದು ನಮ್ಮ ಕಣ್ಣೇ ಎಂಬುದನ್ನು.

ಅಲ್ಲಿಂದ ಮುಂದೆ ನಾಲ್ಕು ವರ್ಷ ಯುದ್ಧ. ಆ ವರ್ಷಗಳ ರಾಜಕೀಯವನ್ನು ಬರೆಯಲು ಇದು ಸ್ಥಳವಲ್ಲ. ೧೮೬೨ರ ಫೆಬ್ರುವರಿಯಲ್ಲಿ ಹನ್ನೊಂದು ವರ್ಷದ ಮಗ ವಿಲ್ಲಿ ಶ್ವೇತಭವನದಲ್ಲೇ ತೀರಿಕೊಂಡ. ೧೮೬೩ರ ಜನವರಿ ಒಂದರಂದು ಗುಲಾಮರ ವಿಮೋಚನೆಯ ಘೋಷಣೆಗೆ ಸಹಿ ಬಿತ್ತು. ಜುಲೈಯಲ್ಲಿ ಗೆಟಿಸ್‌ಬರ್ಗಿನ ಕದನ, ನವೆಂಬರಿನಲ್ಲಿ ಅಲ್ಲಿಯ ಮಸಣದಲ್ಲಿ ಆ ಸಣ್ಣ ಭಾಷಣ.

ಆ ದಿನಗಳಲ್ಲಿ ವಾಷಿಂಗ್ಟನ್ನಿನ ಬೀದಿಯಲ್ಲಿ ಅವನು ಹಾದುಹೋಗುವುದನ್ನು ಕವಿ ವಾಲ್ಟ್ ವಿಟ್ಮನ್ ಅನೇಕ ಸಲ ನಿಂತು ನೋಡುತ್ತಿದ್ದ. ಆ ಮುಖದ ಆಳದಲ್ಲಿದ್ದ ಸೂಕ್ಷ್ಮವಾದ ಭಾವವನ್ನು ಯಾವ ಚಿತ್ರವೂ ಹಿಡಿದಿಲ್ಲವೆಂದು ಅವನು ಬರೆದಿಟ್ಟ. ದಿನವೂ ಹತ್ತಿರವಿದ್ದ ಕಾರ್ಯದರ್ಶಿ ಜಾನ್ ನಿಕೊಲೆಯದೂ ಅದೇ ತೀರ್ಪು. ಇದಕ್ಕೆ ಕಾರಣ ತೀರ ಸರಳವಾದದ್ದು. ಆ ಕಾಲದಲ್ಲಿ ಒಂದು ಚಿತ್ರಕ್ಕೆ ಕೆಲವು ಕ್ಷಣ ಅಲುಗಾಡದೆ ಕುಳಿತಿರಬೇಕು. ತಲೆ ಕದಲದಂತೆ ಹಿಂದಿನಿಂದ ಕಬ್ಬಿಣದ ಕವೆಯನ್ನು ಕೊಡುತ್ತಿದ್ದರು. ಮಾತನಾಡುವಾಗ ಬೆಳಗುತ್ತಿದ್ದ ಮುಖ, ಕಥೆ ಹೇಳುವಾಗ ನೂರು ಕಡೆ ಸುಕ್ಕುಗಟ್ಟಿ ನಗುತ್ತಿದ್ದ ಮುಖ, ಕವೆಗೆ ಸಿಕ್ಕೊಡನೆ ಆರಿಹೋಗುತ್ತಿತ್ತು. ಹಾಸ್ಯಕ್ಕೆ ಹೆಸರಾದ ಲಿಂಕನ್ ಹಲ್ಲು ಕಾಣುವಂತೆ ನಕ್ಕ ಒಂದು ಪಟವೂ ಉಳಿದಿಲ್ಲ. ಅವನು ಕನ್ನಡಿಯಲ್ಲಿ ನೋಡಿದ್ದೂ ಆ ನಗುವ ಮುಖವನ್ನಲ್ಲ. ಕನ್ನಡಿಯ ಮುಂದೆ ನಿಂತು ಕಥೆ ಹೇಳುವವರುಂಟೆ? ಗೆಳೆಯರು ಪ್ರೀತಿಸಿದ ಆ ಮುಖವನ್ನು ಪಟವೂ ಕಾಣಲಿಲ್ಲ, ಅವನೂ ಕಾಣಲಿಲ್ಲ.

೧೮೬೪ರ ಫೆಬ್ರುವರಿ ೯ರಂದು ಬ್ರೇಡಿಯ ವಾಷಿಂಗ್ಟನ್ ಶಾಖೆಯಲ್ಲಿ ತೆಗೆದ ಚಿತ್ರಗಳಲ್ಲಿ ಒಂದು ಮುಂದೆ ಐದು ಡಾಲರಿನ ನೋಟಿನ ಮೇಲೆ ಬಂತು. ಇನ್ನೊಂದರಲ್ಲಿ ಕಿರಿಯ ಮಗ ಟ್ಯಾಡ್ ಪಕ್ಕದಲ್ಲಿದ್ದಾನೆ. ತಂದೆಮಕ್ಕಳಿಬ್ಬರೂ ದೊಡ್ಡ ಪುಸ್ತಕವೊಂದನ್ನು ನೋಡುತ್ತಿದ್ದಾರೆ. ಅದು ಬೈಬಲ್ ಎಂದು ಜನ ನಂಬಿ ಕೊಂಡಾಡಿದರು. ನಿಜವಾಗಿ ಅದು ಚಿತ್ರಶಾಲೆಯ ಪಟಗಳ ಆಲ್ಬಮ್. ಹೀಗೆ ತಪ್ಪು ತಿಳಿದಾರೆಂದು ಲಿಂಕನ್ ಮೊದಲೇ ಸಂಕೋಚಪಟ್ಟಿದ್ದನಂತೆ. ತನ್ನ ಕುರೂಪ ಪಟದಲ್ಲಿ ಬಂದರೆ ಬೇಸರಿಸದವನು, ಇಲ್ಲದ ಭಕ್ತಿ ಬಂದಾಗ ಬೇಸರಿಸಿದ.

೧೮೬೫ರ ಫೆಬ್ರುವರಿಯಲ್ಲಿ ಒಂದು ವಾರದೊಳಗೆ ಎರಡು ಮುಖಗಳು ದಾಖಲಾದವು. ಐದರಂದು ಅಲೆಗ್ಸಾಂಡರ್ ಗಾರ್ಡ್ನರ್ ತೆಗೆದ ಚಿತ್ರದ ಗಾಜು ಬಿರುಕು ಬಿಟ್ಟಿತು. ಒಂದೇ ಒಂದು ಅಚ್ಚು ತೆಗೆದು ಗಾಜನ್ನು ಎಸೆದುಬಿಟ್ಟರು. ನೆತ್ತಿಯ ಮೇಲೆ ಬಿರುಕು ಹಾದ ಆ ಪಟದಲ್ಲಿ ತುಟಿಯ ಕೊನೆಯಲ್ಲಿ ನಗುವಿನ ಮೊಳಕೆ ಕಾಣುತ್ತದೆ. ಅದು ಕೊಲೆಗೆ ನಾಲ್ಕು ದಿನ ಮೊದಲು ತೆಗೆದದ್ದೆಂದು ಬಹಳ ಕಾಲ ನಂಬಿದ್ದರು. ಬಿರುಕಿಗೆ ಕಥೆ ಬೇಕಾಗಿತ್ತು. ಹನ್ನೊಂದರಂದು ಕ್ಲಾರ್ಕ್ ಮಿಲ್ಸ್ ಎಂಬ ಶಿಲ್ಪಿ ಎರಡನೆಯ ಸಲ ಮುಖದ ಅಚ್ಚು ತೆಗೆದ. ವೋಕನ ಅಚ್ಚಿನ ಪಕ್ಕದಲ್ಲಿ 
ಇದನ್ನಿಟ್ಟು ನೋಡಿದರೆ ನಡುವೆ ಕಳೆದದ್ದು ಐದು ವರ್ಷವೆಂದು ನಂಬಲಾಗುವುದಿಲ್ಲ. ಕೆನ್ನೆಗಳು ಒಳಕ್ಕೆ ಬಿದ್ದು, ಕಣ್ಣುಗಳು ಗುಳಿಸೇರಿ, ಮೊದಲ ಬಾರಿಗೆ ನೋಡಿದವರು ಶವದ ಅಚ್ಚೆಂದೇ ತಿಳಿಯುವಂತಿದೆ. ಏಪ್ರಿಲ್ ೧೪ರ ರಾತ್ರಿ ಫೋರ್ಡನ ನಾಟಕಶಾಲೆಯಲ್ಲಿ ಅವನಿಗೆ ಗುಂಡು ತಗುಲಿತು. ಮರುದಿನ ಬೆಳಗ್ಗೆ ಪ್ರಾಣ ಹೋಯಿತು.

ಸತ್ತ ಮೇಲೆ ಅವನ ಪಟಕ್ಕೆ ಬೇಡಿಕೆ ಇಮ್ಮಡಿಸಿತು. ಅಧ್ಯಕ್ಷನಿಗೆ ಒಪ್ಪುವಂಥ ಗಾಂಭೀರ್ಯದ ನಿಲುವಿನ ಚಿತ್ರ ಸಾಲದೆ, ವಿಲಿಯಂ ಪೇಟ್ ಎಂಬುವನು ನ್ಯೂಯಾರ್ಕಿನಲ್ಲಿ ಒಂದು ಕೊರೆಚಿತ್ರವನ್ನು ಹೊರಡಿಸಿದ. ನಿಲುವಂಗಿ, ಸ್ತಂಭ, ಮೇಜಿನ ಮೇಲೆ ಒರಗಿದ ಕೈ. ಮೇಜಿನ ಮೇಲೆ ಸಂವಿಧಾನ, ಒಕ್ಕೂಟ, ವಿಮೋಚನೆ ಎಂಬ ಮಾತುಗಳುಳ್ಳ ಕಾಗದಗಳು. ಎಷ್ಟೋ ಮನೆಗಳ ಗೋಡೆಗಳನ್ನು ಅದು ಬಹುಕಾಲ ಅಲಂಕರಿಸಿತು. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ, ಚಿತ್ರಪತ್ರಿಕೆಗಳ ಸಂಪಾದಕನಾಗಿದ್ದ ಸ್ಟೀಫನ್ ಲೊರಾಂಟ್ ಲಿಂಕನ್ನನ ಪಟಗಳನ್ನೆಲ್ಲ ಕೂಡಿಸುತ್ತಿದ್ದಾಗ ಅವನ ಕಣ್ಣು ಒಂದು ಕಡೆ ನಿಂತಿತು. ಮಚ್ಚೆ ಎಡಗೆನ್ನೆಯ ಮೇಲಿತ್ತು.

ಹುಡುಕಿ ನೋಡಿದರೆ, ತಲೆ ನೋಟಿನ ಮೇಲಿರುವ ೧೮೬೪ರ ಪಟದ್ದು. ಬೇಕಾದ ದಿಕ್ಕಿಗೆ ತಿರುಗಲೆಂದು ಅದನ್ನು ಮಗುಚಿದ್ದರು. ಮೈ ಲಿಂಕನ್ನನದೇ ಅಲ್ಲ. ಅದು ದಕ್ಷಿಣದ ಜಾನ್ ಕ್ಯಾಲ್ಹೂನನದು. ಗುಲಾಮಗಿರಿ ಒಂದು ಒಳ್ಳೆಯ ಸಂಸ್ಥೆಯೆಂದು ಜೀವನದುದ್ದಕ್ಕೂ ವಾದಿಸಿ ೧೮೫೦ರಲ್ಲಿ ತೀರಿಕೊಂಡ ರಾಜಕಾರಣಿಯದು. ಮೇಜಿನ ಕಾಗದಗಳ ಮೇಲಿನ ಮಾತುಗಳನ್ನು ಅಳಿಸಿ ಬೇರೆ ಬರೆದಿದ್ದರು. ಎಷ್ಟು ಸಾವಿರ ಕಣ್ಣುಗಳು ನೋಡಿದ್ದವು! ಆದರೆ ನೋಡಿದವರಲ್ಲಿ ಹೆಚ್ಚಿನವರಿಗೆ ಆ ಮುಖದ ಎದುರು ಕುಳಿತು ಉಂಡ ರೂಢಿ ಇರಲಿಲ್ಲ. ಮೇರಿಗೆ ತೋರಿಸಿದ್ದರೆ, ಏನು ತಪ್ಪೆಂದು ಹೇಳಲಾರದಿದ್ದರೂ, ಇದು ಅವರಲ್ಲ ಎಂದು ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳೆಂದು ನಾನು ನಂಬಿದ್ದೇನೆ.

ನಮ್ಮ ತಂದೆಯವರ ಪಟವನ್ನು ಮತ್ತೆ ಸರಿಯಾಗಿ ಮಾಡಿಸಿದೆವು. ಅದು ಈಗಲೂ ನಡುಮನೆಯಲ್ಲಿದೆ. ಮೊದಲನೆಯದನ್ನು ಹಿಂದಕ್ಕೆ ಕೊಟ್ಟುಬಿಡುವುದೆಂದು ನಾವು ಕಾಗದ ಸುತ್ತುತ್ತಿದ್ದಾಗ ತಾಯಿ ಬಂದು ಕೈಯಿಂದ ತೆಗೆದುಕೊಂಡರು. ಅದು ಅವರ ಮುಖವಲ್ಲವೆಂದು ಅವರೇ ಹೇಳಿದ್ದರಲ್ಲವೆ ಎಂದು ನಾನು ನೆನಪು ಮಾಡಿದೆ. ಅವರು ಉತ್ತರ ಕೊಡಲಿಲ್ಲ. ತಮ್ಮ ಹಳೆಯ ಸೀರೆಯೊಂದರಲ್ಲಿ ಅದನ್ನು ಸುತ್ತಿ, ಕನ್ನಡಿ ಇದ್ದ ಆ ಬೀರುವಿನೊಳಗೆ, ತಂದೆಯವರ ಕ್ಷೌರದ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟರು.